ಆಂಟೆನಾದ ಗುಂಯ್ ಸದ್ದು

ಹವ್ಯಾಸಿ ರೇಡಿಯೊ ಕೂಟದಲ್ಲಿ ಅವನ ಹೆಸರು ಕಿವಿಯಣ್ಣ. ಉಳಿದವರಿಗೆ ಬರೀ ಗೊರಗೊರ ಕೇಳುವ ಕಡೆ ಇವನು ಸಮುದ್ರದಾಚೆಯ ಮೋರ್ಸ್ ಸಂಕೇತವನ್ನು ಅಕ್ಕಿಯಲ್ಲಿ ಕಲ್ಲು ಹೆಕ್ಕಿದಂತೆ ಹೆಕ್ಕುತ್ತಿದ್ದ. ಹಗಲೆಲ್ಲ ಕಾರ್ಖಾನೆಯ ಲೇತ್ ಯಂತ್ರದ ಗದ್ದಲದಲ್ಲಿ ನಿಲ್ಲುವವನಿಗೆ ಇಂಥ ಕಿವಿಯೇ ಎಂದು ಎಲ್ಲರಿಗೂ ಸೋಜಿಗ.

ಕೂಟದವರು ಜನವಿಲ್ಲದ ದ್ವೀಪವೊಂದಕ್ಕೆ ಹೊರಟಿದ್ದರು. ಅಲ್ಲಿ ಕೂತು ಜಗತ್ತಿನ ಜೊತೆ ಮಾತಾಡಬೇಕು. ದೋಣಿಯಲ್ಲಿ ಜಾಗ ಕಡಿಮೆ, ಹಾಗಾಗಿ ಮಡಚಿ ಹೆಗಲಿಗೇರಿಸುವಂಥ, ಹಲವು ತರಂಗಾಂತರದ ಬ್ಯಾಂಡುಗಳಿಗೆ ಒಗ್ಗುವಂಥ ಆಂಟೆನಾ ಬೇಕಿತ್ತು.

"ಕಟ್ಟೋನೂ ನೀನೇ, ಅಲ್ಲಿ ಕೂತು ಕೇಳೋನೂ ನೀನೇ," ಎಂದಿದ್ದ ಕೂಟದ ಮುಂದಾಳು. ಹುಟ್ಟಿದ ಊರು ಬಿಟ್ಟು ಕದಲದವನಿಗೆ ಅಂದಿನಿಂದ ಉಂಡರೂ ದ್ವೀಪ, ಮಲಗಿದರೂ ದ್ವೀಪ.

ಮೀನು ಹಿಡಿಯುವ ಮಡಚುಕೋಲನ್ನು ತಾರಸಿಯಲ್ಲಿ ನೆಟ್ಟಗೆ ನಿಲ್ಲಿಸಿ, ಅದರ ಗುಂಟ ತಾಮ್ರದ ತಂತಿ ಕಟ್ಟಿದ. ನಡುನಡುವೆ ಕ್ಲಿಪ್ಪುಗಳು: ಸೇರಿಸಿದರೆ ತಂತಿ ಉದ್ದವಾಗಿ ಒಂದು ಬ್ಯಾಂಡು, ಬಿಡಿಸಿದರೆ ಇನ್ನೊಂದು. ಬುಡದ ಗೂಟವನ್ನು ಲೇತಿನಲ್ಲಿ ತಾನೇ ಕಡೆದಿದ್ದ. ನೆಲದ ಮೇಲೆ ಹರಡಿದ ತಂತಿಗಳಿಗೆ ಎಡವಿ, ಬಟ್ಟೆ ಒಣಹಾಕಲು ಬಂದ ಹೆಂಡತಿ ದ್ವೀಪಕ್ಕೂ ಸೇರಿಸಿ ಶಾಪ ಹಾಕಿದ್ದಳು. ತಂತಿಯ ಉದ್ದ ಹೊಂದಿತೇ ಎಂದು ತೋರಿಸುವ ಮೀಟರು ಮಾತ್ರ ಎಲ್ಲ ಬ್ಯಾಂಡಿಗೂ ಸರಿ ಎಂದಿತ್ತು.

ಆದರೆ ಕೆಳಗಿನ ಕೋಣೆಯಿಂದ ಕರೆಂಟು ಎಳೆದ ರೇಡಿಯೊಗೆ ಹೆಡ್‌ಫೋನ್ ಸಿಕ್ಕಿಸಿ ಕೇಳಿದರೆ ಗುಂಯ್ ಎನ್ನುತ್ತಿತ್ತು. ಸಂಕೇತಗಳೆಲ್ಲ ಆ ಸದ್ದಿನಡಿ ಹೂತುಹೋಗಿದ್ದವು.

"ಮೀಟರಿಗೇನು ಗೊತ್ತು," ಎಂದು ಗೊಣಗಿದ. ಕಿವಿಯನ್ನು ನಂಬಿ ಕತ್ತರಿ ಹಾಕುವುದು ಅವನ ಹಳೆಯ ರೂಢಿ. ತಂತಿಯನ್ನು ಒಂಚೂರು ಕತ್ತರಿಸಿದ. ಸದ್ದು ಹೋಗಲಿಲ್ಲ. ಮತ್ತೊಂಚೂರು ಕತ್ತರಿಸಿದ. ಮೀಟರು ತಕರಾರು ತೆಗೆಯಿತು, ಅದನ್ನು ಮೂಲೆಗೆ ತಳ್ಳಿದ. ನಾಳೆ ದೋಣಿ ಹೊರಡುತ್ತದೆ. ಹಟಕ್ಕೆ ಬಿದ್ದವನಂತೆ ಕತ್ತರಿಸುತ್ತಲೇ ಹೋದ. ಕಾಲಬುಡದಲ್ಲಿ ತಾಮ್ರದ ಚೂರುಗಳು ಬಿದ್ದವು.

ಹೆಂಡತಿ ಬಂದು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದಳು. "ಎಷ್ಟು ಸಲ ಕೂಗೋದು ರೀ? ಊಟ ಆರಿಹೋಯ್ತು."

"ಈ ಗುಂಯ್ ಅನ್ನೋದು ಹೋಗ್ತಾನೇ ಇಲ್ಲ ಕಣೇ. ಇನ್ನೊಂಚೂರು ಕತ್ತರಿಸಿದ್ರೆ..."

"ಯಾವ ಗುಂಯ್? ಕೆಳಗೆ ನಿಮ್ಮ ರೇಡಿಯೊ ಪ್ಲಗ್ ಕಿತ್ತು ಇಸ್ತ್ರಿಪೆಟ್ಟಿಗೆ ಹಾಕ್ಕೊಂಡು ಆಗಲೇ ಎಷ್ಟೋ ಹೊತ್ತಾಯ್ತು. ನಿಮ್ಮ ದ್ವೀಪದ ಬಟ್ಟೆಗಳೇ."

ಅವನು ಹೆಡ್‌ಫೋನ್ ತೆಗೆದು ಕೆಳಗಿಟ್ಟ. ಗುಂಯ್ ಅಲ್ಲೇ ಇತ್ತು. ಅಂಗೈಗಳಿಂದ ಎರಡೂ ಕಿವಿ ಮುಚ್ಚಿದ. ಅದು ಇನ್ನೂ ಜೋರಾಯಿತು.

ಆಂಟೆನಾ ಸರಿಯಾಗಿಯೇ ಇತ್ತು, ಮೊದಲಿನಿಂದಲೂ. ತಂತಿಯನ್ನೇನೋ ಸಂಜೆಯೊಳಗೆ ಹೊಸದಾಗಿ ಕಟ್ಟಬಹುದು. ಕಿವಿಯನ್ನು?

"ಮುಂದಾಳಿಗೆ ಫೋನ್ ಮಾಡಿ ಹೇಳು," ಎಂದ. "ಆಂಟೆನಾ ಕೊಡ್ತೀನಿ, ನಾನು ಬರಲ್ಲ."

ಅವಳು ಅವನ ಕಿವಿಯ ಹತ್ತಿರ ಬಾಗಿದಳು. "ಅದನ್ನ ನೀವೇ ಹೇಳಬಾರದಾ?"

"ಹೇಳಬಹುದು. ಅವನು ಏನಂತಾನೆ ಅಂತ ನನಗೆ ಕೇಳಿಸಲ್ಲ. ಈಚೆಗೆ ಫೋನಲ್ಲಿ ಎಲ್ಲದಕ್ಕೂ ಹ್ಞೂಂ ಅಂತಿದೀನಿ, ಅಷ್ಟೇ."