ಹಿತ್ತಾಳೆ ಹಿಡಿಯ ಮೇಲಿನ ಗೀರುಗಳು

ನನ್ನ ಕೈಗೆ ಸುಮ್ಮನಿರಲು ಬರುವುದಿಲ್ಲ. ಹುನಗುಂದದಲ್ಲಿ ನಮ್ಮವ್ವ ಬಂದವರ ಮುಂದೆಲ್ಲ ಇದನ್ನೇ ಹೊಗಳುತ್ತಿದ್ದಳು: "ನಮ್ಮ ವಿಜಯಶ್ರೀ ತಿಕ್ಕಿದ ತಂಬಿಗಿಯೊಳಗ ಮಾರಿ ನೋಡ್ಕೋಬಹುದ್ರಿ." ಆ ಹೊಗಳಿಕೆಯೇ ನನ್ನನ್ನು ಕೆಡಿಸಿತು ಎಂದು ಈಗ ಅನಿಸುತ್ತದೆ. ಹೋಗಲಿ, ತೀರಿಕೊಂಡ ಅವ್ವನ ಮೇಲೇಕೆ ಹಾಕಲಿ? ಮಾಡಿದವಳು ನಾನು.

ನಾವಿರುವುದು ಸ್ಟುಟ್‌ಗಾರ್ಟಿನಲ್ಲಿ, ಗುಡ್ಡದ ಏರಿನ ಹಳೆಯ ಮನೆಯೊಂದರ ಮೇಲ್ಮಹಡಿಯಲ್ಲಿ. ನನ್ನ ಗಂಡ ಸುನೀಲಕುಮಾರ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ಕೆಳಗೆ ಮನೆಯ ಮಾಲೀಕ ಹೇರ್ ಐಸೆಲೆ; ಹೇರ್ ಅಂದರೆ ಶ್ರೀಯುತ. ವಯಸ್ಸು ಎಂಬತ್ಮೂರು, ಹೆಂಡತಿ ಇಲ್ಲ, ಮಕ್ಕಳಿಲ್ಲ. ಬಂದ ಹೊಸತರಲ್ಲಿ ನನಗೂ ಅವನಿಗೂ ಎಣ್ಣೆ ಸೀಗೇಕಾಯಿ. ಇಲ್ಲಿ ಕೇರ್‌ವೊಖೆ ಅಂತ ಒಂದು ಪದ್ಧತಿ ಇದೆ. ವಾರಕ್ಕೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ನಾನು ಒರೆಸಿದ ಮೆಟ್ಟಿಲ ಮೇಲೆ ಈ ಮುದುಕ ಬೆರಳು ಎಳೆದು ನೋಡಿದ. ನನಗೆ ಪಿತ್ತ ನೆತ್ತಿಗೇರಿತು. ಮುಂದಿನ ಸರದಿಯಲ್ಲಿ ಮೆಟ್ಟಿಲಿನ ಜೊತೆಗೆ ಕಂಬಿ, ಬಾಗಿಲ ಹಿಡಿಕೆ, ಟಪಾಲು ಡಬ್ಬಿ ಎಲ್ಲ ತಿಕ್ಕಿ ಅವನನ್ನೇ ಕರೆದು ತೋರಿಸಿದೆ. ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅಂದಿನಿಂದ ಅವನ ತೋಟದ ಸೇಬು ನಮ್ಮ ಬಾಗಿಲಿಗೆ, ನನ್ನ ಶೇಂಗಾ ಹೋಳಿಗೆ ಅವನ ಬಾಗಿಲಿಗೆ. ನಮ್ಮ ಮನೆಯಲ್ಲಿ ಅವನ ಹೆಸರೇ ಅಜ್ಜ ಎಂದಾಯಿತು, ಕೊನೆಗೆ ಎದುರಿಗೂ ಹಾಗೇ ಕರೆಯತೊಡಗಿದೆ. ಅವನಾಡುವುದು ಶ್ವಾಬಿಶ್, ಈ ಕಡೆಯ ಹಳ್ಳಿ ಜರ್ಮನ್. ಅದು ನನ್ನ ಕಿವಿಗೆ ನಮ್ಮೂರ ಮಾತಿನ ಹಾಗೆಯೇ ಬೀಳುತ್ತದೆ. ಅದಕ್ಕೇ ಇಲ್ಲಿ ಅವನ ಮಾತನ್ನು ನಮ್ಮೂರ ಮಾತಿನಲ್ಲೇ ಹೇಳುತ್ತೇನೆ.

ಈ ವರ್ಷ ಅಜ್ಜ ವೃದ್ಧಾಶ್ರಮಕ್ಕೆ ಹೋಗುವುದು ನಿಶ್ಚಯವಾಯಿತು. ಅಕ್ಟೋಬರ್ ನಡುವಿಗೆ ಕೋಣೆ ಸಿಕ್ಕಿತ್ತು. ಹೋಗುವ ಮುಂಚೆ ಕೆಲ್ಲರ್‌ನ, ಅಂದರೆ ನೆಲಮಾಳಿಗೆಯ, ಹಸಿ ಗೋಡೆ ರಿಪೇರಿ ಮಾಡಿಸಲು ಹೋದರೆ ಇಟ್ಟಿಗೆಯ ಹಿಂದೆ ಮೇಣದ ಬಟ್ಟೆಯ ಗಂಟೊಂದು ಸಿಕ್ಕಿತು. ಒಳಗೆ ತುಕ್ಕು ಹಿಡಿದ ರಿವಾಲ್ವರ್. ನಾನು ಹೆದರಿ ಎರಡು ಹೆಜ್ಜೆ ಹಿಂದೆ ಸರಿದೆ. ಅಜ್ಜ ಮಾತ್ರ ಮೆಟ್ಟಿಲ ಮೇಲೆ ಕುಸಿದು ಕೂತು, ಅದನ್ನು ತೊಡೆಯ ಮೇಲಿಟ್ಟುಕೊಂಡು, ಸಣ್ಣ ಕೂಸಿನ ಹಾಗೆ ಅತ್ತ. ಆಮೇಲೆ ಎಲ್ಲವನ್ನೂ ಕಾಯ್ದೆಯ ಪ್ರಕಾರವೇ ಮಾಡಿದ. ಪೊಲೀಸರಿಗೆ ತಿಳಿಸಿದ; ಲೈಸೆನ್ಸ್ ಇರುವ ಬಂದೂಕಿನ ಕುಶಲಕರ್ಮಿಯೊಬ್ಬ ನಳಿಗೆ, ಗುಂಡಿನ ಮನೆ ಎಲ್ಲ ಬೆಸುಗೆ ಹಾಕಿ ಮುಚ್ಚಿ ಕಾಗದ ಬರೆದುಕೊಟ್ಟ. ಇನ್ನು ಅದರಿಂದ ಗುಂಡು ಹಾರುವಂತಿರಲಿಲ್ಲ.

ಅಜ್ಜ ಅತ್ತದ್ದು ರಿವಾಲ್ವರಿಗಾಗಿ ಅಲ್ಲ. ಅದರ ಹಿಡಿಯ ಬೆನ್ನಿಗೆ ಒಂದು ಹಿತ್ತಾಳೆಯ ಪಟ್ಟಿ ಇತ್ತು. ಸಾವಿರದ ಒಂಬೈನೂರ ನಲವತ್ತನಾಲ್ಕರಲ್ಲಿ, ಯುದ್ಧದಿಂದ ರಜೆಯ ಮೇಲೆ ಬಂದಿದ್ದ ಅವನ ಅಪ್ಪ, ಮರಳಿ ಹೊರಡುವ ಹಿಂದಿನ ದಿನ ಅಡುಗೆಮನೆಯಲ್ಲಿ ಕೂತು ಸೂಜಿಯಿಂದ ಆ ಪಟ್ಟಿಯ ಮೇಲೆ ಮಗನಿಗೆಂದು ಏನೋ ಬರೆದಿದ್ದನಂತೆ. ಮಗ ಆಗ ಎರಡು ವರ್ಷದ ಕೂಸು. "ದೊಡ್ಡಾಂವ ಆದಮ್ಯಾಲೆ ನೀನ ಓದ್ಕೋ" ಎಂದಷ್ಟೇ ಅವನ ತಾಯಿ ಹೇಳುತ್ತಿದ್ದಳು. ಅಪ್ಪ ತಿರುಗಿ ಬರಲಿಲ್ಲ. ಬಾಂಬಿಗೆ ಮನೆಯ ಮೇಲ್ಭಾಗ ಸುಟ್ಟು ಫೋಟೋ, ಪತ್ರ ಒಂದೂ ಉಳಿಯಲಿಲ್ಲ. ಗೆದ್ದ ಸೈನಿಕರು ಆಯುಧ ಹುಡುಕುತ್ತ ಬಂದಾಗ ತಾಯಿ ಹೆದರಿ ಇದನ್ನು ಎಲ್ಲೋ ಬಚ್ಚಿಟ್ಟಳು. ಎಲ್ಲಿ ಎಂದು ಹೇಳುವ ಮೊದಲೇ ಒಂದು ದಿನ ಎದೆ ಹಿಡಿದುಕೊಂಡು ಹೋಗಿಬಿಟ್ಟಳು. ಅಪ್ಪ ತನಗೆ ಬರೆದ ಆ ಮಾತನ್ನು ಓದಲು ಈ ಮನುಷ್ಯ ಎಂಬತ್ತು ವರ್ಷ ಕಾದಿದ್ದ.

ಈಗ ಸಿಕ್ಕರೂ ಅಜ್ಜನ ಕೈ ನಡುಗುತ್ತಿತ್ತು, ಕಣ್ಣಿನ ನಡುವೆ ಮಬ್ಬು ಕವಿದಿತ್ತು. ಪಟ್ಟಿಯ ಮೇಲೆ ಕಪ್ಪು ಕಿಲುಬು ದಪ್ಪಗೆ ಕೂತು ಅಕ್ಷರ ಕಾಣುತ್ತಿರಲಿಲ್ಲ. ಅದಕ್ಕೇ ಸುನೀಲನ ಕೈಗೆ ಕೊಟ್ಟ. ಮೊದಲು ಕಬ್ಬಿಣದ ತುಕ್ಕು, ಆಮೇಲೆ ಮರದ ಹಿಡಿ, ಎಲ್ಲಕ್ಕೂ ಕಡೆಗೆ ಹಿತ್ತಾಳೆ ಎಂದು ಇಬ್ಬರೂ ಮಾತಾಡಿಕೊಂಡರು. ಸುನೀಲ ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ದಿನಾ ಆಫೀಸಿನಿಂದ ಬಂದ ಮೇಲೆ ಅರ್ಧ ತಾಸು ಕೂರುತ್ತಿದ್ದ. ಒಂದು ಹನಿ ತೆಳು ಎಣ್ಣೆ ಬಿಡುವುದು, ಕಾಯುವುದು, ಮರದ ಕಡ್ಡಿಯಿಂದ ಮೆಲ್ಲಗೆ ಕೆರೆಯುವುದು, ಹಳೇ ಬನಿಯನ್ ಚೂರಿನಿಂದ ಒರೆಸುವುದು, ಮತ್ತೆ ಎಣ್ಣೆ.

"ಏನ್ರೀ, ಬಾಣಂತಿ ಕೂಸಿಗೆ ಎಣ್ಣಿ ತಿಕ್ಕಿಧಂಗ ತಿಕ್ಕಾಕತ್ತೀರಲ್ಲ. ನನ್ನ ಕೈಯಾಗ ಕೊಡ್ರಿ, ಹತ್ತು ನಿಮಿಷದಾಗ ಫಳಫಳ ಮಾಡಿ ಕೊಡ್ತೀನಿ" ಎಂದು ನಾನು ಕಾಡಿಸುತ್ತಿದ್ದೆ.

"ಮಾರಾಯ್ತಿ, ನೀ ಅದರ ಕಡೆ ನೋಡಲೂ ಬ್ಯಾಡ" ಎನ್ನುತ್ತಿದ್ದ.

ಅಜ್ಜನ ಅಪ್ಪನ ಬರಹದ ಕಥೆಯನ್ನು ಸುನೀಲ ನನಗೆ ಹೇಳಿದ್ದ. ಇಲ್ಲವೆನ್ನಲಾರೆ. ನಾನು ಆಗ ರೊಟ್ಟಿ ಬಡಿಯುತ್ತಿದ್ದೆ, ಒಲೆಯ ಮೇಲಿನ ಫ್ಯಾನು ಗುಂಯ್ ಎನ್ನುತ್ತಿತ್ತು, ತಲೆಯಲ್ಲಿ ಸಾವಿರ ಕೆಲಸ. ಅಪ್ಪ, ಯುದ್ಧ, ಹಳೇ ನೆನಪು ಎಂಬಷ್ಟು ಕಿವಿಗೆ ಬಿತ್ತು. ಹಿತ್ತಾಳೆ, ಸೂಜಿ, ಬರಹ ಎಂಬುದು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಯಿತು. "ಹೂಂ, ಹೂಂ" ಎಂದಿದ್ದೆ. ಗಂಡನ ಮಾತಿಗೆ ಹೂಂಗುಟ್ಟುವುದು ಇಪ್ಪತ್ತೆರಡು ವರ್ಷದ ರೂಢಿ. ಮೇಲೆ ಬರೆದ ಕಥೆಯನ್ನೆಲ್ಲ ನಾನು ಸರಿಯಾಗಿ ಕೇಳಿದ್ದು ಆಮೇಲೆ, ಕೇಳಿ ಉಪಯೋಗವಿಲ್ಲದ ಹೊತ್ತಿನಲ್ಲಿ.

ಅಷ್ಟರಲ್ಲಿ ಖಂಡೇನವಮಿ ಬಂತು. ಆಯುಧ, ಹತಾರ ಎಲ್ಲ ತೊಳೆದು ಪೂಜೆ ಮಾಡುವ ಹಬ್ಬ. ಹುನಗುಂದದಲ್ಲಿ ಕುಡಗೋಲು, ಕೊಡಲಿ, ನಮ್ಮಪ್ಪನ ಹೊಲಿಗೆ ಮಷೀನಿನ ಕತ್ತರಿ ಇಡುತ್ತಿದ್ದೆವು. ಇಲ್ಲಿ ಡ್ರಿಲ್ ಮಷೀನು, ನಟ್ಟು ಬಿಗಿಯುವ ಪಾನಾ, ಈಳಿಗೆ, ಕಾರಿನ ಕೀಲಿ, ಲ್ಯಾಪ್‌ಟಾಪ್. ಜೋಡಿಸುತ್ತಿದ್ದವಳಿಗೆ ಕಿಟಕಿಯ ಪಕ್ಕದ ಮೇಜು ಕಂಡಿತು. ಅಯ್ಯ ಶಿವನೇ, ನಿಜವಾದ ಆಯುಧ ಮನೆಯಲ್ಲೇ ಇಟ್ಟುಕೊಂಡು ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚುವುದೇ? ಅಜ್ಜನ ಮನೆತನದ್ದು, ಅವನ ಹೆಸರಿನಲ್ಲೂ ಒಂದು ಪೂಜೆ ಆಗಲಿ. ಸಂಜೆ ಕರೆದು ತೋರಿಸಿದರೆ ಎಷ್ಟು ಸಂತೋಷಪಟ್ಟಾನು!

ಕೈಗೆತ್ತಿಕೊಂಡೆ. ಕಬ್ಬಿಣ ಚೊಕ್ಕವಾಗಿತ್ತು, ಮರ ಮಿರಿಮಿರಿ ಎನ್ನುತ್ತಿತ್ತು. ಹಿಡಿಯ ಬೆನ್ನು ಮಾತ್ರ ಇದ್ದಲಿಯಂತೆ ಕಪ್ಪು. ಕಿಲುಬು ಹಿಡಿದದ್ದನ್ನು ದೇವರ ಮುಂದೆ ಇಡುವ ಪದ್ಧತಿ ನಮ್ಮಲ್ಲಿಲ್ಲ. ಹುಣಸೆಹಣ್ಣು ನೆನೆಹಾಕಿದೆ, ಉಪ್ಪು ಬೆರೆಸಿದೆ, ಊರಿನಿಂದ ತಂದ ಪಾತ್ರೆ ತಿಕ್ಕುವ ಪುಡಿ ತೆಗೆದೆ. ಫೋನಿನಲ್ಲಿ ತಂಗಿ ಮಧುಮತಿ. ಅವಳ ನಾದಿನಿಯ ಲಗ್ನ, ಇಳಕಲ್ ಸೀರೆಯ ಸೆರಗು, ಬೀಗರ ಸೊಕ್ಕು. ಫೋನನ್ನು ಕಟ್ಟೆಯ ಮೇಲಿಟ್ಟು ಅವಳಿಗೆ ಉತ್ತರ ಕೊಡುತ್ತ ತಂತಿಯ ಬ್ರಷ್ಷಿನಿಂದ ತಿಕ್ಕಿದೆ.

ಕಪ್ಪು ಹೋಗಿ ಹಳದಿ ಎದ್ದಿತು. ಕೆಳಗೆ ಎರಡು ಸಾಲು ಗೀರು ಮಾತ್ರ ಹೋಗಲಿಲ್ಲ. ಕೋಳಿ ಕೆದರಿದ ಹಾಗೆ ಮೇಲೆ ಕೆಳಗೆ, ಮೇಲೆ ಕೆಳಗೆ. ಯಾರೋ ಪುಣ್ಯಾತ್ಮರು ಹಾಳು ಮಾಡಿಟ್ಟಿದ್ದಾರೆ ಅಂದುಕೊಂಡೆ. ಸುನೀಲನ ಡಬ್ಬಿಯಲ್ಲಿ ನಯವಾದ ಉಪ್ಪುಕಾಗದ ಇತ್ತು. "ಹಸಿರು ದಡಿಯದ್ದು ತೊಗೊ, ಕೆಂಪು ನಿನಗ ಒಪ್ಪೂದಿಲ್ಲ" ಎಂದು ತಂಗಿಗೆ ಹೇಳುತ್ತ ಹತ್ತು ನಿಮಿಷ ಉಜ್ಜಿದೆ. ಗೀರು ಹೋದವು. ನನ್ನ ಮುಖ ಕಾಣುವಷ್ಟು ಹೊಳಪು ಬಂತು. ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಹಳದಿ ಸೇವಂತಿಗೆ ಏರಿಸಿ, ನನ್ನ ಕೆಲಸಕ್ಕೆ ನಾನೇ ಭೇಷ್ ಅಂದುಕೊಂಡೆ.

ಹಬ್ಬವೆಂದು ಸುನೀಲ ಮಧ್ಯಾಹ್ನಕ್ಕೇ ಬಂದ. ಶೂ ಬಿಚ್ಚುತ್ತ ದೇವರ ಮೂಲೆಯ ಕಡೆ ನೋಡಿದವನು ಒಂದು ಕಾಲಲ್ಲಿ ಶೂ ಇದ್ದಹಾಗೆಯೇ ನಡೆದು ಬಂದ.

"ಇದನ್ನ ಯಾರು ತಿಕ್ಕಿದ್ರು?"

"ಯಾರ್ ತಿಕ್ತಾರ? ನಿಮ್ಮ ಎರಡು ತಿಂಗಳ ಕೆಲಸ ಒಂದು ಮುಂಜಾನ್ಯಾಗ ಮುಗಿಸೀನಿ. ಥ್ಯಾಂಕ್ಸ್ ಹೇಳ್ರಿ."

"ಇದರ ಮ್ಯಾಲೆ ಬರದಿದ್ದು ಎಲ್ಲಿ ಹೋತು, ವಿಜೂ?"

"ಬರದಿದ್ದು ಏನಿತ್ರಿ? ಬರೇ ಗೀರು ಇದ್ದೂ. ಉಪ್ಪುಕಾಗದ ಹಚ್ಚಿ ತಗದೆ."

ಅವನು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ತಿರುಗಿಸಿ ಅಂದು ಹಗುರಾಗುತ್ತಿದ್ದೆ. ನೆಲದ ಮೇಲೆ ಕೂತು ಫೋನಿನಲ್ಲಿ ಒಂದು ಚಿತ್ರ ಹುಡುಕಿ ತೋರಿಸಿದ. ಆ ಕಾಲದ ಜರ್ಮನರ ಕೈಬರಹ. ಈಗಿನ ಅಕ್ಷರದ ಹೋಲಿಕೆಯೇ ಇಲ್ಲ. ಮೇಲೆ ಕೆಳಗೆ, ಮೇಲೆ ಕೆಳಗೆ, ಮೊನಚು ಗೀರುಗಳ ಸಾಲು. ನಾನು ಉಜ್ಜಿ ತೆಗೆದದ್ದೂ ಅಂಥದ್ದೇ.

ನಮ್ಮವ್ವನ ತಂಬಿಗೆಯ ಮೇಲೆ ಅವಳ ತವರಿನವರು "ಮಹಾಂತಮ್ಮ" ಎಂದು ಚುಕ್ಕೆ ಹೊಡೆಸಿ ಕೊಟ್ಟಿದ್ದಾರೆ. ಆ ಹೆಸರು ಸವೆಯಬಾರದೆಂದು ಅಲ್ಲಿ ಮಾತ್ರ ಬೆರಳಿನಿಂದ ಮೆಲ್ಲಗೆ ತಿಕ್ಕುವವಳು ನಾನು. ನಮ್ಮ ಅಕ್ಷರವಾದರೆ ಅಕ್ಷರ, ಇನ್ನೊಬ್ಬರದಾದರೆ ಗೀರು! ಥೂ ನನ್ನ.

ಸುನೀಲ ಬ್ಯಾಟರಿಯ ಬೆಳಕು ಓರೆಯಾಗಿ ಬಿಟ್ಟು ನೋಡಿದ, ಭೂತಗನ್ನಡಿ ಹಿಡಿದು ನೋಡಿದ, ಫೋಟೋ ತೆಗೆದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದ. ಎಲ್ಲಿಯೂ ಏನೂ ಇರಲಿಲ್ಲ. ಎಷ್ಟೆಂದರೂ ನನ್ನ ಕೈಯ ಕೆಲಸ.

"ಕಿಲುಬು ತಿಂದುಬಿಟ್ಟಿತ್ತು ಅಂತ ಹೇಳೂಣು" ಎಂದ. "ಅಜ್ಜ ಒಪ್ಪಿಕೋತಾನ. ಹೆಂಗಿದ್ರೂ ಹೋದದ್ದು ಬರೂದಿಲ್ಲ."

"ಬ್ಯಾಡ್ರಿ. ನಾ ಹೇಳ್ತೀನಿ" ಎಂದೆ. ಧೈರ್ಯದಿಂದ ಹೇಳಿದ್ದಲ್ಲ. ಸುಳ್ಳು ಹೇಳಿದರೆ ಹೋಗುವತನಕ ದಿನಾ ಅಜ್ಜನ ಮುಖ ನೋಡುವುದು ಹೇಗೆ ಎಂಬ ಹೆದರಿಕೆ.

ಮರುದಿನ ಬನ್ನಿ ಹಬ್ಬ. ಹಿರಿಯರ ಕೈಗೆ ಬನ್ನಿ ಕೊಟ್ಟು ಕಾಲಿಗೆ ಬೀಳುವ ದಿನ, ವರ್ಷದ ತಪ್ಪು ಒಪ್ಪು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳುವ ದಿನ. ಊರಿನಿಂದ ಟಪಾಲಿನಲ್ಲಿ ಬಂದ ಒಣ ಎಲೆಗಳನ್ನೂ ರಿವಾಲ್ವರನ್ನೂ ಹಿಡಿದುಕೊಂಡು ಒಬ್ಬಳೇ ಕೆಳಗಿಳಿದೆ. ಅಜ್ಜ ಅಡುಗೆಮನೆಯಲ್ಲಿ ಪಿಂಗಾಣಿ ಬಟ್ಟಲುಗಳನ್ನು ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದ. ನನ್ನ ಕೈಯಲ್ಲಿದ್ದದ್ದು ಕಂಡದ್ದೇ ಮುಖ ಅರಳಿತು.

"ಮುಗೀತೇನು? ಕೊಡು, ಕೊಡು."

ಕೊಡುವ ಮೊದಲೇ ಹೇಳಿದೆ. ನನ್ನ ಹರಕು ಮುರುಕು ಜರ್ಮನ್‌ನಲ್ಲಿ, ಹಬ್ಬ, ಹುಣಸೆಹಣ್ಣು, ಉಪ್ಪುಕಾಗದ, ಒಂದೂ ಬಿಡದೆ. ಗಂಡ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬುದನ್ನೂ ಹೇಳಿದೆ. ಮೇಜಿನ ಮೇಲೆ ಕೈಯೂರಿ ಅತ್ತುಬಿಟ್ಟೆ.

ಅಜ್ಜ ಹೆಬ್ಬೆರಳಿನಿಂದ ಹಿತ್ತಾಳೆಯನ್ನು ಮೇಲಿನಿಂದ ಕೆಳಗೆ ಸವರಿದ. ಇನ್ನೊಮ್ಮೆ ಸವರಿದ. ಬೈದರೆ ಸಾಕಪ್ಪಾ ಎಂದು ನಾನು ಕಾಯುತ್ತಿದ್ದೆ.

"ಅಂದ್ರ, ಅದು ಇತ್ತು" ಎಂದ.

"ಇತ್ರಿ, ಅಜ್ಜಾ. ಎರಡು ಸಾಲು ಇತ್ತು."

"ಅವ್ವ ಸುಳ್ಳು ಹೇಳಿರಲಿಲ್ಲ. ನನ್ನ ಸಮಾಧಾನಕ್ಕ ಹೇಳ್ಯಾಳೇನೋ ಅಂತ ಒಮ್ಮೊಮ್ಮೆ ಅನಿಸ್ತಿತ್ತು." ಡ್ರಾಯರ್ ಎಳೆದ. ಪೆನ್ಸಿಲು, ಬಿಳಿ ಹಾಳೆ ನನ್ನ ಮುಂದಿಟ್ಟ. "ಅವ್ವನ ನಂತರ ಅದನ್ನ ನೋಡಿದಾಕಿ ಈ ಜಗತ್ತಿನ್ಯಾಗ ನೀ ಒಬ್ಬಾಕಿನ. ನಿನಗ ಓದಾಕ ಬರೂದು ಬ್ಯಾಡ. ಹೆಂಗ ಕಂಡಿತ್ತೋ ಹಂಗ ಗೀಚು. ನಾ ಓದ್ಕೋತೀನಿ."

ಪೆನ್ಸಿಲು ತೆಗೆದುಕೊಂಡು ಕಣ್ಣು ಮುಚ್ಚಿದೆ. ಮಧುಮತಿಯ ದನಿ ಬಂತು. ಬೀಗರು ಏನೆಂದರು, ನಾದಿನಿ ಏನು ತಿರುಗಿಸಿ ಹೇಳಿದಳು, ಯಾವ ಸೀರೆಗೆ ಯಾವ ದಡಿ, ಮಾತು ಮಾತೂ ನೆನಪಿತ್ತು. ಆ ಎರಡು ಸಾಲು ಮಾತ್ರ ಬರಲಿಲ್ಲ. ಮೊದಲನೆಯದು ಉದ್ದವಿತ್ತೋ, ಎರಡನೆಯದೋ? ಒಂದು ಗೀರು ಮೇಲಕ್ಕೆ ಎಳೆದೆ, ಒಂದು ಕೆಳಕ್ಕೆ, ಮತ್ತೊಂದು ಮೇಲಕ್ಕೆ. ಕೈ ನಿಂತಿತು. ಅಜ್ಜ ಹಾಳೆಯ ಮೇಲೆ ಬಗ್ಗಿ ನೋಡುತ್ತಿದ್ದ. ಇನ್ನೂ ಎಳೆದರೆ ಅವನ ಅಪ್ಪನ ಮಾತನ್ನು ನಾನೇ ಹುಟ್ಟಿಸಿದಂತಾಗುತ್ತಿತ್ತು.

"ನನಗ ನೆನಪಿಲ್ರಿ, ಅಜ್ಜಾ. ಕಣ್ಣ ಮುಂದ ಇತ್ತು, ನಾ ನೋಡಲೇ ಇಲ್ಲ."

ಅವನು ಹಾಳೆಯನ್ನು ತನ್ನ ಕಡೆ ಎಳೆದುಕೊಂಡ. ಭೂತಗನ್ನಡಿ ಇಟ್ಟು, ಮಬ್ಬಿಲ್ಲದ ಕಣ್ಣಂಚಿನಿಂದ ಆ ಮೂರು ಗೀರುಗಳನ್ನು ಬಹಳ ಹೊತ್ತು ನೋಡಿದ.

"ಶುರುವಾಗಿದ್ದು ಹಿಂಗ ಅಲ್ಲೇನು?" ಎಂದು ಕೇಳಿದ.

"ಹೌದ್ರಿ" ಎಂದೆ. ಹಾಗೆ ಶುರುವಾಗಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅಜ್ಜ ಆ ಕಾಗದವನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ, ರಿವಾಲ್ವರನ್ನು ಮೇಜಿನ ಮೇಲೆಯೇ ಬಿಟ್ಟು ನನಗೆ ಚಹಾ ಮಾಡಲು ಎದ್ದ.