ಮೊದಲ ಅಂಗುಲ

ನನ್ನ ಓದೆಲ್ಲ ತೋಳು, ಬೆನ್ನು, ಕಾಲರುಗಳ ಆಕಾರದಲ್ಲಿದೆ. ನಾನು ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ತರ. ಅಂಗಿಯ ನಮೂನೆ ತೆಗೆಯಲು ಹಳೆಯ ಪತ್ರಿಕೆ ಬೇಕು, ಕತ್ತರಿ ಹಾಕುವ ಮೊದಲು ಅದನ್ನು ಓದಿಬಿಡುವುದು ನನ್ನ ಚಟ. ಹಾಗೆ ಒಮ್ಮೆ ‘ಯಶಸ್ಸಿಗೆ ಏಳು ಮೆಟ್ಟಿಲು’ ಎಂಬ ಲೇಖನ ಕೈಗೆ ಸಿಕ್ಕಿತ್ತು. ನಾಲ್ಕನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಗಿರಾಕಿ ಬಂದ. ಉಳಿದ ಮೂರನ್ನು ಅವನ ಕಾಲರಿಗೆ ಕತ್ತರಿಸಿದೆ. ಆ ನಾಲ್ಕರ ಬಂಡವಾಳದಲ್ಲೇ ಎಂಟು ವರ್ಷ ಭಾಷಣ ಮಾಡಿದೆ.

ಭಾಷಣ ಮಾಡಲು ಹೇಳಿದ್ದು ನಮ್ಮ ಯಜಮಾನರು. ಹದಿನಾಲ್ಕು ಹೊಲಿಗೆ ಯಂತ್ರಗಳ ಪುಟ್ಟ ಕಾರ್ಖಾನೆ ನಮ್ಮದು. ಪ್ರತಿ ಸೋಮವಾರ ಯಂತ್ರಗಳು ಶುರುವಾಗುವ ಮುನ್ನ ಐದು ನಿಮಿಷ ನಾನು ಮಾತಾಡಬೇಕು. “ಕೈ ಎಲ್ರಿಗೂ ಎರಡೇ ಇರೋದು. ಒಬ್ಬ ಮೇಲೆ ಬರ್ತಾನೆ, ಒಬ್ಬ ಅಲ್ಲೇ ಉಳೀತಾನೆ. ಯಾಕೆ? ಧೋರಣೆ!” ಎನ್ನುತ್ತಿದ್ದೆ. ‘ಧೋರಣೆ’ ಎನ್ನುವಾಗ ಕೊರಳಲ್ಲಿದ್ದ ಟೇಪಿನ ಎರಡೂ ತುದಿ ಹಿಡಿದು ಎಳೆಯುತ್ತಿದ್ದೆ. ಹಾಗೆ ಮಾಡಿದರೆ ಮಾತಿಗೆ ತೂಕ ಬರುತ್ತದೆಂದು ನಂಬಿದ್ದೆ.

ಆ ಟೇಪಿನ ಬಗ್ಗೆ ಹೇಳಬೇಕು. ಇಪ್ಪತ್ತೆರಡು ವರ್ಷದ್ದು, ಹಳದಿ ಹೋಗಿ ಕಾಫಿ ಬಣ್ಣಕ್ಕೆ ತಿರುಗಿತ್ತು. ಗಿರಾಕಿಯ ಅಳತೆಯನ್ನೂ ಅದರಲ್ಲೇ ತೆಗೆಯುತ್ತಿದ್ದೆ, ಬಟ್ಟೆಯನ್ನೂ ಅದರಲ್ಲೇ ಅಳೆದು ಕತ್ತರಿಸುತ್ತಿದ್ದೆ. ಅಳತೆಗೆ ಬೇರೆಯವರು ಕೈ ಹಾಕಲು ಬಿಡುತ್ತಿರಲಿಲ್ಲ. ನಾನು ಕತ್ತರಿಸಿದ ಅಂಗಿ ಯಾರ ಮೈಮೇಲೂ ಹೆಚ್ಚುಕಮ್ಮಿ ಆದದ್ದಿಲ್ಲ, ಆಗಿದ್ದರೆ ತಪ್ಪು ಆ ಮೈಯದ್ದು.

ಹೀಗಿರುವಾಗ ಒಂದು ಬ್ಯಾಂಡಿನವರಿಂದ ನಲವತ್ತೆರಡು ಅಂಗಿಗಳ ಆರ್ಡರ್ ಬಂತು. ಊರೂರು ತಿರುಗಿ ಕಹಳೆ ಊದುವ, ಡೋಲು ಬಾರಿಸುವ ಜನ, ಒಟ್ಟಿಗೆ ಬಂದು ಅಳತೆ ಕೊಡುವ ಪುರಸೊತ್ತು ಅವರಿಗಿಲ್ಲ. ತಾವೇ ಅಳೆದುಕೊಂಡು ಪಟ್ಟಿ ಕಳಿಸಿದರು. ನಾನು ಮುಖ ಸಿಂಡರಿಸಿದೆ, ಆದರೆ ಕತ್ತರಿಸಿದೆ.

ಕಾಲರ್ ಕೂರಿಸುವ ಕೆಲಸ ಒಬ್ಬಳದ್ದೇ. ಒಂಬತ್ತು ವರ್ಷದಿಂದ ಅದೊಂದನ್ನೇ ಹೊಲಿದು ಅವಳಿಗೆ ಕಾಲರಕ್ಕ ಎಂದೇ ಹೆಸರು ಬಿದ್ದಿತ್ತು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವಳು. ಮುಂದಿನ ತಿಂಗಳಿಂದ ಅವಳನ್ನು ಮೇಲ್ವಿಚಾರಕಿ ಮಾಡುವುದೆಂದು ಯಜಮಾನರು ಬಾಯಿಬಿಟ್ಟು ಹೇಳಿಯಾಗಿತ್ತು. ಬ್ಯಾಂಡಿನ ಕೆಲಸ ಶುರುವಾದ ಮೊದಲ ದಿನವೇ ಅವಳು ಒಂದು ಕಾಲರ್ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು.

“ಮಾಸ್ತರೇ, ಪಟ್ಟೀಲಿ ಹದಿನೈದೂವರೆ ಅಂತಿದೆ. ನನ್ನ ಟೇಪಲ್ಲಿ ಹದಿನೈದೇ ಬರ್ತಿದೆ.”

“ನಿನ್ನ ಟೇಪು ಹುಟ್ಟಿದ್ದು ಯಾವಾಗಮ್ಮ?”

“ಹೋದ ವರ್ಷ ತಗೊಂಡಿದ್ದು.”

“ಇನ್ನೂ ಹಲ್ಲು ಬಂದಿಲ್ಲ ಅದಕ್ಕೆ. ಮಾತು ಸ್ಪಷ್ಟ ಆದ್ಮೇಲೆ ಕರ್ಕೊಂಡು ಬಾ.”

ಹದಿನಾಲ್ಕು ಯಂತ್ರಗಳೂ ನಕ್ಕವು. ಅವಳೂ ನಕ್ಕಳು. “ಎರಡೂ ಟೇಪು ಒಂದ್ಸಲ ಪಕ್ಕಪಕ್ಕ ಇಟ್ಟು ನೋಡಬಹುದಿತ್ತೇನೋ” ಎಂದು ಅರ್ಧ ನನಗೆ, ಅರ್ಧ ಗೋಡೆಗೆ ಹೇಳಿ ಹೋದಳು.

ಅಂಗಿಗಳು ಹೋದ ಮೂರನೇ ದಿನ ಬ್ಯಾಂಡಿನ ಮುಖ್ಯಸ್ಥ ನಲವತ್ತೆರಡನ್ನೂ ಹೊತ್ತು ತಂದ. “ಡೋಲಿನವ್ರು ಹೆಂಗೋ ಸುಧಾರಿಸ್ಕೊಂಡ್ರು ಸ್ವಾಮಿ. ಕಹಳೆ ಊದೋನ ಕತ್ತು ಊದ್ತು ನೋಡಿ, ಗುಂಡಿ ಹಾರಿ ಮುಂದಿನ ಸಾಲಿನ ಅಜ್ಜಿ ಕನ್ನಡಕಕ್ಕೆ ಬಡೀತು” ಎಂದ. ಯಾರೂ ನಗಲಿಲ್ಲ, ಯಜಮಾನರು ಅಲ್ಲೇ ನಿಂತಿದ್ದರು.

“ಯಾರ ತಪ್ಪು ಇದು?” ಎಂದರು.

ಒಂದು ಕಾಲರನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದೆ. ಬೆಳಕಿಗೆ ಹಿಡಿದರೆ ಏನೂ ಕಾಣುವುದಿಲ್ಲ, ನೋಡುವವರಿಗೆ ಮಾತ್ರ ಭರವಸೆ ಬರುತ್ತದೆ. “ಹೊಲಿಗೆ ಅಂಚು ಜಾಸ್ತಿ ಹಿಡಿದಿದ್ದಾಳೆ. ಈ ಕಡೆ ಕಾಲು ಅಂಗುಲ, ಆ ಕಡೆ ಕಾಲು ಅಂಗುಲ. ಅರ್ಧ ಅಂಗುಲ ಅಲ್ಲೇ ಹೋಯ್ತು,” ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನಿಸಲೇ ಇಲ್ಲ. ಅದೇ ಅದರ ಹೊಲಸು.

“ಮಾಸ್ತರೇ, ಬಿಚ್ಚಿ ನೋಡಿ, ಅಂಚು ಸರಿಯಾಗೇ…” ಎಂದು ಅವಳು ಬಾಯಿ ತೆರೆದಳು.

“ತಪ್ಪಾದ್ರೆ ಒಪ್ಕೋಬೇಕು ಕಣಮ್ಮ,” ಎಂದೆ, ಬಲು ಮೃದುವಾಗಿ. “ಬೆಳೆಯೋರ ಲಕ್ಷಣ ಅದು.”

ಅವಳ ಯಂತ್ರವನ್ನು ಇನ್ನೊಬ್ಬಳಿಗೆ ಕೊಟ್ಟರು. ಮೇಲ್ವಿಚಾರಕಿಯ ಮಾತು ಬಿದ್ದುಹೋಯಿತು. ಕಾಲರಕ್ಕನನ್ನು ಬಾಗಿಲ ಪಕ್ಕ ಕೂರಿಸಿ, ತಯಾರಾದ ಬಟ್ಟೆಗಳ ಚಿಲ್ಲರೆ ದಾರ ಕತ್ತರಿಸುವ ಕೆಲಸಕ್ಕೆ ಹಾಕಿದರು. ಹೊಸದಾಗಿ ಸೇರಿದವರು ಮಾಡುವ ಕೆಲಸ ಅದು. ನಾನು ನಲವತ್ತೆರಡು ಕಾಲರುಗಳನ್ನು ಮತ್ತೆ ಕತ್ತರಿಸಿದೆ. ಈ ಸಲ ಸುಮ್ಮನೆ ಇರಲಿ ಎಂದು, ಎಲ್ಲರಿಗೂ ಹೇಳಿಯೇ, ಅರ್ಧ ಅಂಗುಲ ಜಾಸ್ತಿ ಬಿಟ್ಟೆ. ಅಂಗಿಗಳು ಎಲ್ಲರಿಗೂ ಸರಿಹೋದವು. ಮುಖ್ಯಸ್ಥ ಬಂದು ನನ್ನ ಕೈ ಕುಲುಕಿದ. ಆ ಸೋಮವಾರ ನಾನು ಹೊಣೆಗಾರಿಕೆಯ ಬಗ್ಗೆ ಮಾತಾಡಿದೆ. ಚೆನ್ನಾಗಿ ಬಂತು.

ಐದು ವಾರ ಕಳೆದು ಒಂದು ಭಾನುವಾರ ಬೆಳಗ್ಗೆ ಮಗಳು ಕಿಟಕಿ ಪರದೆಗೆ ಅಳತೆ ತೆಗೆಯುತ್ತಿದ್ದಳು. ಬಡಗಿ ಮರೆತು ಬಿಟ್ಟುಹೋದ ಉಕ್ಕಿನ ಟೇಪು ಅವಳ ಕೈಯಲ್ಲಿತ್ತು. ನಲವತ್ತೆಂಟು ಎಂದಳು. ನಾನು ನನ್ನದನ್ನು ಹಿಡಿದು ನೋಡಿ ನಲವತ್ತೆಂಟೂವರೆ ಎಂದೆ.

“ಅಪ್ಪಾ, ಇದು ಉಕ್ಕು. ಇದು ಬೆಳೆಯಲ್ಲ, ಕುಗ್ಗಲ್ಲ.”

“ಅಳತೆ ಹೇಳ್ಕೊಡ್ತೀಯೇನೇ ನಂಗೆ?”

ಅವಳು ವಾದ ಮಾಡಲಿಲ್ಲ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಹಾಸಿದಳು. “ಹೆಬ್ಬೆರಳು ತೆಗೀರಿ ಸ್ವಲ್ಪ,” ಎಂದಳು. ನನ್ನ ಹೆಬ್ಬೆರಳು ಎಂದಿನಂತೆ ಟೇಪಿನ ತುದಿಯ ಮೇಲಿತ್ತು. ತೆಗೆದೆ. ಒಂದು ಎಂಬ ಅಂಕಿಯ ಹಿಂದೆ ಇರಬೇಕಾದ ಅಂಗುಲದಲ್ಲಿ ಅರ್ಧ ಮಾತ್ರ ಇತ್ತು.

ತರಕಾರಿ ಹೆಚ್ಚುತ್ತಿದ್ದ ನನ್ನ ಹೆಂಡತಿ ತಲೆಯೆತ್ತದೆ ಹೇಳಿದಳು: “ನೀವೇ ಅಲ್ವಾ ಕತ್ತರಿಸಿದ್ದು? ತುದಿಯ ಹಿತ್ತಾಳೆ ಕಿತ್ಕೊಂಡು ಬಂದಿತ್ತು. ಎಳೆ ಬಿಚ್ಕೊಳ್ಳುತ್ತೆ ಅಂತ ನೀಟಾಗಿ ಕಚಕ್ ಅನ್ನಿಸಿದ್ರಿ. ನೆನಪಿಲ್ವಾ?”

“ಇಲ್ಲ,” ಎಂದೆ. ನೆನಪಿತ್ತು.

ಲೆಕ್ಕ ತಾನಾಗಿ ಬಿಚ್ಚಿಕೊಂಡಿತು. ಮೈಯನ್ನು ಅದೇ ಟೇಪಿನಲ್ಲಿ ಅಳೆದು ಬಟ್ಟೆಯನ್ನು ಅದರ ಅಳತೆಗೇ ಕತ್ತರಿಸಿದರೆ ಹೋದ ಅರ್ಧ ಅಂಗುಲ ಎರಡು ಕಡೆಯೂ ಹೋಗಿ ಸರಿಯಾಗುತ್ತದೆ. ಬೇರೆಯವರ ಟೇಪಿನ ಪಟ್ಟಿ ಬಂದಾಗ ಮಾತ್ರ ಕತ್ತು ಹಿಸುಕುತ್ತದೆ. ಇಷ್ಟು ವರ್ಷ ನನ್ನ ಕೆಲಸ ಸರಿಯಾಗಿದ್ದದ್ದು ನಾನು ಬೇರೆ ಯಾರನ್ನೂ ಹತ್ತಿರ ಸೇರಿಸದ್ದರಿಂದ.

ಸಂಜೆ ಹೋಗಿ ಹೊಸ ಟೇಪು ಕೊಂಡೆ. ಹಳೆಯದನ್ನು ಕಸದ ಬುಟ್ಟಿಗೆ ಹಾಕಿ ವಿಷಯ ಮುಗಿಸುವುದು ನನ್ನ ಮೊದಲ ಯೋಚನೆಯಾಗಿತ್ತು. ಹಾಕಿಯೂ ಹಾಕಿದೆ. ಬೆಳಗ್ಗೆ ತರಕಾರಿ ಸಿಪ್ಪೆಯ ನಡುವಿನಿಂದ ಅದನ್ನು ಹೆಕ್ಕುತ್ತಿದ್ದಾಗ ಹೆಂಡತಿ ನೋಡಿದಳು. ಯಾಕೆ ಎಂದು ಕೇಳಿದ್ದರೆ ಚೆನ್ನಾಗಿತ್ತು.

ಸೋಮವಾರ ಎಲ್ಲರೂ ಸೇರಿದರು. ಕಾಲರಕ್ಕ ಬಾಗಿಲ ಪಕ್ಕ, ಮೊಣಕಾಲ ಮೇಲೆ ಅಂಗಿ ಹರಡಿಕೊಂಡು ಕೂತಿದ್ದಳು. ನಾನು ಶುರುಮಾಡಿದೆ. “ತಪ್ಪು ಎಲ್ರಿಂದಲೂ ಆಗುತ್ತೆ. ನನ್ನಂಥೋನಿಂದಲೂ ಆಗಿರಬಹುದು. ಮುಖ್ಯ ಏನಪ್ಪಾ ಅಂದ್ರೆ, ಅದರಿಂದ ನಾವು ಕಲಿಯೋದು…” ಹೀಗೆ ಎರಡು ನಿಮಿಷ, ಯಾವ ತಪ್ಪು, ಯಾರ ಮೇಲೆ ಎನ್ನದೆ, ಮಳೆ ಬಂದ ಹಾಗೆ ತಪ್ಪು ಬಂತು ಎಂಬಂತೆ ಮಾತಾಡಿದೆ. ಚಪ್ಪಾಳೆ ಬಿತ್ತು! “ನೋಡ್ರಪ್ಪ, ಎಂಥಾ ದೊಡ್ಡ ಮನುಷ್ಯ, ಎಷ್ಟು ವಿನಯ,” ಎಂದರು ಯಜಮಾನರು.

ಅವಳು ಚಪ್ಪಾಳೆ ತಟ್ಟಲಿಲ್ಲ, ಕೈಯಲ್ಲಿ ಕತ್ತರಿ ಇತ್ತು. ನನ್ನ ಕಡೆ ನೋಡಲೂ ಇಲ್ಲ. ಒಂದು ದಾರ ಕತ್ತರಿಸಿ ಮುಂದಿನದಕ್ಕೆ ಹೋದಳು. ನನ್ನ ಕಿವಿ ಕಾದ ಇಸ್ತ್ರಿ ಪೆಟ್ಟಿಗೆಯಾಯಿತು.

ಜೇಬಿನಿಂದ ಎರಡೂ ಟೇಪು ತೆಗೆದು ಮೇಜಿನ ಮೇಲೆ ಹಾಸಿದೆ. “ಬನ್ನಿ, ಎಲ್ರೂ ನೋಡಿ,” ಎಂದೆ. “ಇದರ ತುದಿ ಕತ್ತರಿಸಿದ್ದು ನಾನು. ಬ್ಯಾಂಡಿನವ್ರ ಕಾಲರ್ ಹಾಳುಮಾಡಿದ್ದು ನಾನು. ಇವಳು ಬಂದು ಹೇಳಿದ್ಲು, ನಿಮ್ಮನ್ನೆಲ್ಲ ನಗಿಸಿ ಅವಳ ಬಾಯಿ ಮುಚ್ಚಿಸಿದೆ. ಆಮೇಲೆ ಅವಳ ಮೇಲೇ ಹಾಕ್ದೆ.”



“ಅರ್ಧ ಅಂಗುಲ ತಾನೇ, ಬಿಡಿ ಮಾಸ್ತರೇ, ಹಳೇ ಮಾತು,” ಎಂದರು ಯಜಮಾನರು ಮುಜುಗರದಿಂದ.

“ಅವಳ ಯಂತ್ರ ಅವಳಿಗೆ ಕೊಡಿ. ಮೇಲ್ವಿಚಾರಕಿ ಮಾಡ್ತೀನಿ ಅಂದಿದ್ರಿ, ಅದನ್ನೂ.”

“ಯಂತ್ರ ಇವತ್ತೇ ಕೊಡೋಣ. ಇನ್ನೊಂದು… ನೋಡೋಣ,” ಎಂದರು. ಆ ‘ನೋಡೋಣ’ ಕೂಡ ನಾನು ಕತ್ತರಿಸಿದ್ದೇ.

ಎಲ್ಲರೂ ಚದುರಿದ ಮೇಲೆ ಅವಳ ಬಳಿ ಹೋದೆ. ಕ್ಷಮೆ ಕೇಳಲು ನನ್ನ ನಾಲ್ಕು ಮೆಟ್ಟಿಲುಗಳಲ್ಲಿ ಒಂದೂ ಪದ ಇರಲಿಲ್ಲ. “ನಿಂಗೆ ಯಾವಾಗ ಗೊತ್ತಾಯ್ತು?” ಎಂದುಬಿಟ್ಟೆ.

“ಎರಡನೇ ಸಲದ ಕಾಲರ್ ನಾನು ಹೊಲಿದಿಲ್ವಲ್ಲ ಮಾಸ್ತರೇ. ನನ್ನ ಕೈಯದ್ದೇ ತಪ್ಪಾಗಿದ್ರೆ, ನೀವು ಜಾಸ್ತಿ ಬಿಟ್ಟ ಅರ್ಧ ಅಂಗುಲ ಸಡಿಲ ಆಗ್ಬೇಕಿತ್ತು. ಸರಿಹೋಯ್ತು.”

“ಅವತ್ತೇ ಹೇಳಬಾರದಿತ್ತಾ?”

“ಒಂದ್ಸಲ ಹೇಳಿದ್ದೆ,” ಎಂದಳು. “ಚೆನ್ನಾಗಿ ನಕ್ಕಿದ್ವಿ ಎಲ್ರೂ.”

ಸೋಮವಾರದ ಭಾಷಣ ನಿಂತಿತು. ನಾನೇ ನಿಲ್ಲಿಸಿದೆ, ಯಾರೂ ಒತ್ತಾಯ ಮಾಡಲಿಲ್ಲ. ಈಗ ಹೊಸ ಆರ್ಡರ್ ಬಂದ ದಿನ, ಕತ್ತರಿ ಹಾಕುವ ಮೊದಲು, ಕಾಲರಕ್ಕ ತನ್ನ ಟೇಪು ಹಿಡಿದು ನನ್ನ ಮೇಜಿಗೆ ಬರುತ್ತಾಳೆ. ಹದಿನಾಲ್ಕು ಯಂತ್ರಗಳೂ ಗಮನಿಸುತ್ತವೆ, ಗಮನಿಸದ ಹಾಗೆ. ನನ್ನದರ ಪಕ್ಕ ತನ್ನದನ್ನು ಹಾಸುತ್ತಾಳೆ. ಇಪ್ಪತ್ತೆರಡು ವರ್ಷದ ಅಭ್ಯಾಸ, ನನ್ನ ಕೈ ತಾನಾಗಿಯೇ ತುದಿಯ ಮೇಲೆ ಹೋಗಿ ಕೂರುತ್ತದೆ. ಅವಳು ಕಾಯುತ್ತಾಳೆ, ಆಮೇಲೆ ಎಲ್ಲರಿಗೂ ಕೇಳುವಷ್ಟೇ ಗಟ್ಟಿಯಾಗಿ ಹೇಳುತ್ತಾಳೆ:

“ಹೆಬ್ಬೆರಳು ಎತ್ತಿ, ಮಾಸ್ತರೇ.”

ಎತ್ತುತ್ತೇನೆ.