ದಮ್ಮು ಮುಚ್ಚಿಡಬೇಡಿ, ಸೂಜಿ ಮರೆಯಬೇಡಿ

ರಾಯದುರ್ಗದ ಕಡೆ ಮಕ್ಕಳು ಹಾಸ್ಟೆಲ್ಲಿಗೆ ಹೊರಟರೆ ಮನೆಯಲ್ಲಿ ತಯಾರಿ ಜೋರು. ಹೊಸ ಟ್ರಂಕು ಬರುತ್ತದೆ, ಬಕೆಟ್ಟು ಬರುತ್ತದೆ, ಶೇಂಗಾ ಚಟ್ನಿಪುಡಿ ಡಬ್ಬಿ ತುಂಬುತ್ತದೆ. ಅಲ್ಲಿ ಹೋದಮೇಲೆ ಮೈಗೆ ಹುಷಾರಿಲ್ಲದಿದ್ದರೆ ಏನು ಗತಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಸರಸ್ವತಮ್ಮನ ಮನೆಯಲ್ಲೂ ಹಾಗೇ ಆಯಿತು.

ಸರಸ್ವತಮ್ಮ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತಿದ್ದಳು. ಗಂಡ ಎರ್ರಿಸ್ವಾಮಿ ಒಂದು ಗಾರ್ಮೆಂಟ್ಸಿನಲ್ಲಿ ಕಟಿಂಗ್ ಮಾಸ್ಟರು. ಒಬ್ಬಳೇ ಮಗಳು ಶಿವಲಕ್ಷ್ಮಿಗೆ ಅನಂತಪುರದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ಅವರ ಮನೆತನದಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವವರಲ್ಲಿ ಅವಳೇ ಮೊದಲಿಗಳು.

ಶಿವಲಕ್ಷ್ಮಿಗೆ ಚಿಕ್ಕಂದಿನಿಂದ ದಮ್ಮು. ಬಟ್ಟೆಯ ಧೂಳು ಎದ್ದರೆ, ಚಳಿಗಾಳಿ ಬೀಸಿದರೆ ಎದೆ ಸುಯ್ಯೆನ್ನುತ್ತಿತ್ತು. ಬಾಯಿಗಿಟ್ಟು ಎಳೆದುಕೊಳ್ಳುವ ಪಂಪನ್ನು ಡಾಕ್ಟರು ಯಾವಾಗಲೋ ಬರೆದುಕೊಟ್ಟಿದ್ದರು. ಸರಸ್ವತಮ್ಮ ಅದನ್ನು ಬೀರುವಿನಲ್ಲಿ ಸೀರೆಗಳ ಹಿಂದೆ ಇಡುತ್ತಿದ್ದಳು. ನೆಂಟರ ಮುಂದೆ ಮಗಳು ಕೆಮ್ಮಿದರೆ ನೆಗಡಿ ಎನ್ನುತ್ತಿದ್ದಳು. ನಾಳೆ ಸಂಬಂಧ ಕೂಡಿಬರುವ ಹೊತ್ತಿಗೆ ಹುಡುಗಿಗೆ ದಮ್ಮು ಎಂಬ ಸುದ್ದಿ ಊರು ಸುತ್ತಬಾರದು, ಇದು ಆ ತಾಯಿಯ ಲೆಕ್ಕಾಚಾರ.

ವಿಶ್ವವಿದ್ಯಾಲಯದಿಂದ ಫೋನಿಗೆ ಸಂದೇಶ ಬಂತು. ಬರುವಾಗ ಡಾಕ್ಟರ ತಪಾಸಣೆ ಮಾಡಿಸಿಕೊಂಡು, ಹಾಕಿಸಿದ ಲಸಿಕೆಗಳ ವಿವರ ತರಬೇಕಂತೆ. ಗೊತ್ತಿರುವವರಿಂದ ಒಂದು ಸರ್ಟಿಫಿಕೇಟು ಬರೆಸಿಕೊಂಡರಾಯಿತು ಎಂದ ಎರ್ರಿಸ್ವಾಮಿ. ಸರಸ್ವತಮ್ಮನಿಗೂ ಅದೇ ಬೇಕಿತ್ತು. ದಮ್ಮಿನ ಮಾತೇ ಏಳುವುದಿಲ್ಲವಲ್ಲ.

ಅದೇ ವಾರ ಅವಳ ಅಣ್ಣನ ಮಗಳು ಸ್ವಪ್ನಾ ಎರಡು ದಿನ ಇದ್ದುಹೋಗಲು ಬಂದಳು. ಮಡಕಶಿರದ ಆಚೆ ರತ್ನಗಿರಿಯ ಹುಡುಗಿ. ಅದೇ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಮುಗಿಸಿದ್ದಳು. ಟ್ರಂಕು ತುಂಬುತ್ತಿರುವುದನ್ನು ನೋಡಿ, ಸೂಜಿ ಹಾಕಿಸಿದಿರಾ, ಶಿವುಗೆ ಪಂಪು ತಗೊಂಡಿರಾ ಎಂದೇ ಮೊದಲು ಕೇಳಿದಳು.

ಸರಸ್ವತಮ್ಮನ ಮುಖ ಬಿಗಿಯಿತು. "ಸಣ್ಣಾಕಿ ಇದ್ದಾಗ ಎಲ್ಲಾ ಸೂಜಿ ಹಾಕ್ಸೀವಿ. ಎಮ್ಮೆಸ್ಸಿ ಓದೋ ಹುಡುಗಿಗೆ ಮತ್ಯಾಕ ಸೂಜಿ?"

ಸ್ವಪ್ನಾ ತನಗಾದದ್ದನ್ನು ಹೇಳಿದಳು. ಹೋದ ವರ್ಷ ಅವಳ ರೂಮಿನ ಹುಡುಗಿಯೊಬ್ಬಳಿಗೆ ಮೈಮೇಲೆ ನೀರುಗುಳ್ಳೆ ಎದ್ದವು. ಆ ಹುಡುಗಿ ಬೆವರುಸಾಲೆ ಎಂದು ಸುಮ್ಮನಿದ್ದಳು. ಅದು ಚಿಕನ್‌ಪಾಕ್ಸ್, ಜನ ಅಮ್ಮ ಎನ್ನುತ್ತಾರಲ್ಲ, ಅದು. ನೋಡನೋಡುತ್ತಿದ್ದಂತೆ ಪಕ್ಕದ ರೂಮುಗಳಿಗೂ ಹರಡಿತು. ಉಳಿದವರು ಪರೀಕ್ಷೆ ಬರೆಯುವಾಗ ಸ್ವಪ್ನಾ ಜ್ವರದಲ್ಲಿ ಮಲಗಿದ್ದಳು. ಆ ಪೇಪರುಗಳನ್ನು ಈಗ ಮತ್ತೆ ಬರೆಯಬೇಕಾಗಿದೆ.

"ಅಮ್ಮ ಬರೋದು ಸೂಜಿಗೆ ನಿಲ್ತೈತೇನವ್ವ?" ಎಂದಳು ಸರಸ್ವತಮ್ಮ.

"ನೀವು ಕೈ ಮುಗೀರಿ ಅತ್ತೆ, ಬ್ಯಾಡ ಅನ್ನಲ್ಲ. ಆದ್ರೆ ಅದು ಒಬ್ರಿಂದ ಒಬ್ರಿಗೆ ಅಂಟೋ ಕಾಯ್ಲೆ ಕಣತ್ತೆ. ಅದಕ್ಕೆ ಲಸಿಕೆ ಐತೆ. ನಾವು ಚಿಕ್ಕೋರಿದ್ದಾಗ ಊರಾಗೆ ಹಾಕಿದ್ರಲ್ಲ, ಅದ್ರಲ್ಲಿ ಅದು ಇರ್ಲೇ ಇಲ್ಲ. ನಂಗೂ ಮೊದ್ಲು ಗೊತ್ತಿರ್ಲಿಲ್ಲ."

ಶಿವುಗೆ ದಮ್ಮು ಇರುವುದನ್ನು ವಾರ್ಡನ್ನಿಗೂ ರೂಮಿನವರಿಗೂ ಹೇಳಬೇಕು ಎಂದೂ ಸ್ವಪ್ನಾ ಸೇರಿಸಿದಳು. ಸರಸ್ವತಮ್ಮನಿಗೆ ಅದು ಹಿಡಿಸಲಿಲ್ಲ. ತನ್ನ ಮಗಳ ವಿಷಯ ಊರವರಿಗೆಲ್ಲ ಯಾಕೆ ಎಂದು ಗೊಣಗುತ್ತ ಮಿಷನ್ ಮುಂದೆ ಹೋಗಿ ಕೂತಳು. ಶಿವಲಕ್ಷ್ಮಿ ತಲೆ ತಗ್ಗಿಸಿಕೊಂಡು ಬಟ್ಟೆ ಮಡಚುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಗಾರ್ಮೆಂಟ್ಸಿನಿಂದ ಜೇಬಿನ ಬಟ್ಟೆಯ ಗಂಟುಗಳು ಬಂದವು. ಶಿವಲಕ್ಷ್ಮಿ ತಾಯಿಗೆ ಕೈಜೋಡಿಸಿ ಗಂಟು ಬಿಚ್ಚಿ ಕೊಡವಿದಳು. ನೂಲಿನ ಧೂಳು ಮನೆತುಂಬ ಎದ್ದಿತು. ಸ್ವಲ್ಪ ಹೊತ್ತಿಗೆ ಅವಳು ಕೆಮ್ಮತೊಡಗಿದಳು. ಆಮೇಲೆ ಕೆಮ್ಮು ನಿಂತು ಉಸಿರಿಗೇ ಒದ್ದಾಡತೊಡಗಿದಳು. ಒಂದು ಮಾತು ಪೂರ್ತಿ ಆಡಲು ಆಗುತ್ತಿರಲಿಲ್ಲ.

ಸರಸ್ವತಮ್ಮ ಓಡಿಹೋಗಿ ಸೀರೆಗಳ ಹಿಂದಿನಿಂದ ಪಂಪು ತಂದಳು. ಒತ್ತಿದರೆ ಬರೀ ಗಾಳಿ. ಎಷ್ಟೋ ತಿಂಗಳಿಂದ ದಮ್ಮು ಬಂದಿರಲಿಲ್ಲ, ಔಷಧ ಉಳಿದಿದೆಯೋ ಮುಗಿದಿದೆಯೋ ಎಂದು ಯಾರೂ ನೋಡಿರಲಿಲ್ಲ. ಸರಸ್ವತಮ್ಮ ಅದನ್ನೇ ಮತ್ತೆ ಮತ್ತೆ ಒತ್ತಿದಳು. ಸ್ವಪ್ನಾ ಶಿವಲಕ್ಷ್ಮಿಯನ್ನು ಧೂಳಿನಿಂದ ಹೊರಗೆ ಕರೆತಂದು, ಮಲಗಗೊಡದೆ ನೆಟ್ಟಗೆ ಕೂಡಿಸಿ, ಆಟೋ ಕೂಗಿದಳು.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗಳ ತುಟಿ ಕಪ್ಪಿಟ್ಟಿತ್ತು. ನರ್ಸು ಮುಖಕ್ಕೆ ಮಾಸ್ಕು ಹಾಕಿ ಹೊಗೆಯಂಥ ಔಷಧ ಬಿಟ್ಟಳು. ಸರಸ್ವತಮ್ಮ ಗೋಡೆಗೆ ಆತು ನಿಂತು ಮಗಳ ಎದೆ ಏರಿ ಇಳಿಯುವುದನ್ನೇ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ಎದೆಯ ಸುಯ್ ಸದ್ದು ಕಡಿಮೆಯಾಯಿತು. ಶಿವಲಕ್ಷ್ಮಿ ಕಣ್ಣು ಬಿಟ್ಟು ನೀರು ಕೇಳಿದಳು.

ಡಾಕ್ಟರಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಮುಂದಿನ ತಿಂಗಳು ಹಾಸ್ಟೆಲ್ಲಿಗೆ ಹೋಗ್ತಾಳಂತಲ್ರಿ. ಅಲ್ಲಿ ಹಿಂಗಾದ್ರ ಏನ್ ಮಾಡ್ಬೇಕಂತ ಯಾರಿಗೆ ಗೊತ್ತೈತ್ರಿ?"

ಸರಸ್ವತಮ್ಮ ಒಪ್ಪಿಕೊಂಡಳು. "ಯಾರಿಗೂ ಗೊತ್ತಿಲ್ರಿ. ನಾನೇ ಹೇಳಬ್ಯಾಡ ಅಂದಿದ್ದೆ."

ಡಾಕ್ಟರಮ್ಮ ಬೈಯಲಿಲ್ಲ. ಹುಡುಗಿ ಸುಧಾರಿಸಿಕೊಂಡ ಮೇಲೆ ಕರೆದುಕೊಂಡು ಬನ್ನಿ, ಕೂತು ಮಾತಾಡೋಣ ಎಂದರು.

ಗಂಡಹೆಂಡತಿ ಇಬ್ಬರೂ ಮಗಳೊಂದಿಗೆ ಹೋದರು. ಚಿಕ್ಕಂದಿನ ಲಸಿಕೆ ಕಾರ್ಡು ಮನೆ ಬದಲಿಸುವಾಗ ಕಳೆದುಹೋಗಿತ್ತು. ಎರ್ರಿಸ್ವಾಮಿ ಅದನ್ನು ಹೇಳಲು ಹಿಂಜರಿದ. ಕಳೆದರೆ ಏನೂ ತೊಂದರೆ ಇಲ್ಲ, ಯಾವುದು ಖಾತ್ರಿ ಇಲ್ಲವೋ ಅದನ್ನು ಮತ್ತೆ ಹಾಕಿಸಿಕೊಳ್ಳಬಹುದು ಎಂದರು ಡಾಕ್ಟರಮ್ಮ. ಒಂದೇ ರೂಮಿನಲ್ಲಿ ಮೂರುನಾಲ್ಕು ಜನ ಮಲಗುತ್ತಾರೆ, ಒಂದೇ ಮೆಸ್ಸಿನಲ್ಲಿ ಉಣ್ಣುತ್ತಾರೆ, ಅದಕ್ಕೇ ಹಾಸ್ಟೆಲ್ಲಿನಲ್ಲಿ ರೋಗ ಬೇಗ ಹರಡುತ್ತದೆ ಎಂದು ತಿಳಿಸಿ ಹೇಳಿದರು. ಧನುರ್ವಾಯುವಿಗೆ ಮತ್ತೊಂದು ಡೋಸು, ದಡಾರ ಮತ್ತು ಗದ್ದಬಾವಿಗೆ ಒಂದು, ಹುಡುಗಿಗೆ ಇನ್ನೂ ಅಮ್ಮ ಬಂದಿಲ್ಲದ್ದರಿಂದ ಚಿಕನ್‌ಪಾಕ್ಸಿಗೆ, ಕಾಮಾಲೆ ತರುವ ಹೆಪಟೈಟಿಸ್ ಬಿ ಮತ್ತು ಟೈಫಾಯಿಡ್‌ಗೆ, ದಮ್ಮು ಇರುವುದರಿಂದ ವರ್ಷಕ್ಕೊಮ್ಮೆ ಫ್ಲೂ ಲಸಿಕೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಡೆಯುವ ಲಸಿಕೆಯ ಬಗ್ಗೆಯೂ ಹೇಳಿದರು.

"ಇಷ್ಟೂ ಒಂದೇ ದಿನ ಚುಚ್ತೀರೇನ್ರಿ?" ಎರ್ರಿಸ್ವಾಮಿ ಗಾಬರಿಯಾದ.

ಇಲ್ಲ, ಕೆಲವಕ್ಕೆ ಎರಡು ಮೂರು ಡೋಸು ಬೇಕು, ನಡುವೆ ಅಂತರ ಬಿಡಬೇಕು, ಹಾಕಿಸಿದ ಮೇಲೆ ಮೈಗೆ ಬಲ ಬರಲು ವಾರಗಳು ಹಿಡಿಯುತ್ತವೆ. ಸೀಟು ಸಿಕ್ಕ ಕೂಡಲೇ ಬರಬೇಕು ಎನ್ನುವುದು ಅದಕ್ಕೇ. ಉಳಿದ ಡೋಸುಗಳನ್ನು ರಜೆಗೆ ಬಂದಾಗಲೋ ಅಲ್ಲಿನ ಆಸ್ಪತ್ರೆಯಲ್ಲೋ ಹಾಕಿಸಿಕೊಳ್ಳಲಿ ಎಂದರು.

ಸರಸ್ವತಮ್ಮನಿಗೆ ಇನ್ನೊಂದು ಅನುಮಾನ ಉಳಿದಿತ್ತು. ಪಂಪು ಎಳೆದರೆ ಚಟ ಹತ್ತುತ್ತದೆಯಂತೆ, ನಿಜವೇ ಎಂದು ಕೇಳಿದಳು. ಅದು ಸುಳ್ಳು ಎಂದರು ಡಾಕ್ಟರಮ್ಮ. ಎರಡು ಪಂಪು ಬರೆದುಕೊಟ್ಟರು. ಒಂದು ದಿನಾ ಎಳೆಯುವುದು, ದಮ್ಮು ಬರದಂತೆ ತಡೆಯಲು. ಇನ್ನೊಂದು ದಮ್ಮು ಬಂದಾಗ, ಅದು ಸದಾ ಕೈಚೀಲದಲ್ಲಿರಬೇಕು.

ಮೊದಲ ಸೂಜಿಯ ದಿನ ತೋಳು ನೊಂದು ಸಣ್ಣ ಜ್ವರ ಬಂತು, ಮರುದಿನ ಇಳಿಯಿತು.

ಹಾಸ್ಟೆಲ್ಲಿಗೆ ಬಿಡಲು ಹೋದಾಗ ವಾರ್ಡನ್ ಮುಂದೆ ಶಿವಲಕ್ಷ್ಮಿ ತಾಯಿಯ ಮುಖ ನೋಡಿದಳು. ಸರಸ್ವತಮ್ಮ ತಾನೇ ಬಾಯಿ ತೆರೆದಳು. ಅಲ್ಲಿನವರ ತೆಲುಗಿನಲ್ಲಿ, ಎಲ್ಲರಿಗೂ ಕೇಳುವಂತೆ, ನಮ್ಮ ಹುಡುಗಿಗೆ ದಮ್ಮು ಇದೆ, ಔಷಧ ಕೈಚೀಲದಲ್ಲಿದೆ ಎಂದಳು. ವಾರ್ಡನ್ ಒಳ್ಳೆಯದು ಮಾಡಿದಿರಿ ಎಂದು ಬರೆದುಕೊಂಡರು. ಯಾರೂ ನಗಲಿಲ್ಲ, ಯಾರೂ ದೂರ ಸರಿಯಲಿಲ್ಲ. ರೂಮಿನ ಹುಡುಗಿ ಕೃಷ್ಣವೇಣಿ, ಪಂಪು ಹೇಗೆ ಕೊಡಬೇಕು ಎಂದು ಕೇಳಿ ಕಲಿತಳು.

ಮಾಗಿಯ ಚಳಿಯಲ್ಲಿ ಒಂದು ಬೆಳಗ್ಗೆ ವಾರ್ಡನ್ ನಂಬರಿನಿಂದ ಫೋನು ಬಂತು. ಮಗಳಿಗೇನಾಯಿತೋ ಎಂದು ಸರಸ್ವತಮ್ಮ ಮಿಷನ್ ಬಿಟ್ಟೆದ್ದು ಫೋನೆತ್ತಿದಳು. ಆದರೆ ಮಾತಾಡಿದ್ದು ಶಿವಲಕ್ಷ್ಮಿಯೇ.

"ಅಮ್ಮ, ದಮ್ಮು ಬಂದಿತ್ತು. ಕೃಷ್ಣವೇಣಿ ಪಂಪು ಕೊಟ್ಲು, ಎಳಕೊಂಡೆ. ಆಸ್ಪತ್ರೆಗೂ ಹೋಗಿ ಬಂದ್ವಿ. ಈಗ ಅರಾಮ ಅದೀನಿ, ಕ್ಲಾಸಿಗೆ ಹೊಂಟೀನಿ."

"ಹೋಗವ್ವ, ಹೋಗು. ಸ್ವೆಟರ್ ಹಾಕ್ಕೊಂಡು ಹೋಗು," ಎಂದಳು ಸರಸ್ವತಮ್ಮ. ಫೋನಿಟ್ಟು, ಬಹಳ ದಿನಗಳ ಮೇಲೆ ಒಂದು ನಿರಾಳದ ಉಸಿರು ಬಿಟ್ಟಳು.

ಕೇಳಿದಿರಲ್ಲ, ಅಕ್ಕಂದಿರೇ, ಅಣ್ಣಂದಿರೇ. ನಿಮ್ಮ ಮನೆಯಿಂದಲೂ ಮಗನೋ ಮಗಳೋ ಓದಲು ಹೊರಟಿದ್ದಾರೆಯೇ? ಸೀಟು ಸಿಕ್ಕಿದ ವಾರವೇ ಹತ್ತಿರದ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಯಾವ ಲಸಿಕೆ ಬೇಕು, ಯಾವುದು ಅಲ್ಲೇ ಸಿಗುತ್ತದೆ, ಯಾವುದನ್ನು ಹೊರಗೆ ಹಾಕಿಸಬೇಕು, ಕೇಳಿ ತಿಳಿಯಿರಿ. ದಮ್ಮು, ಮೂರ್ಛೆ, ಸಕ್ಕರೆ ಕಾಯಿಲೆ, ಯಾವುದೇ ಇರಲಿ, ಔಷಧ ಮುಗಿಯುವ ಮುಂಚೆ ಹೊಸದು ತೆಗೆದಿಡಿ. ಹಾಸ್ಟೆಲ್ಲಿನಲ್ಲಿ ನಾಲ್ಕು ಜನಕ್ಕೆ ತಿಳಿಸಿ. ಕಾಯಿಲೆ ಇರುವುದು ನಾಚಿಕೆಯಲ್ಲ. ನಿಮ್ಮ ಮಕ್ಕಳಿಗೆ ಉಸಿರು ಕಟ್ಟಿದಾಗ ನೀವು ಪಕ್ಕದಲ್ಲಿರುವುದಿಲ್ಲ, ಪಕ್ಕದಲ್ಲಿರುವವರಿಗೆ ಗೊತ್ತಿರಲಿ.